ಅಹಮದಾಬಾದಿನಲ್ಲಿ ಏಕಲವ್ಯರು

ಗುಜರಾತಿನ ಅಹಮದಾಬಾದು ಪಟ್ಟಣಕ್ಕೆ ಹೋಗಿ ಬರುವ ನಮ್ಮವರು ಸಾಮಾನ್ಯವಾಗಿ ಸಬರಮತಿಯ ಆಶ್ರಮವನ್ನು ದರ್ಶನಮಾಡಿ, ಸೀದಿ ಸಯ್ಯದನ ಮಸೀದಿಯ ಕಲ್ಲಿನ ಜಾಲಂಧ್ರವನ್ನು ನೋಡಿ ಬೆರಗಾಗಿ, ಒಂದಿಷ್ಟು ಬಟ್ಟೆಬರೆ ಕೊಂಡು ಹಿಂದಿರುಗುವುದು ವಾಡಿಕೆ. ನಾನು ಇವೆಲ್ಲವನ್ನೂ ಮಾಡಿದೆನಾದರೂ ನನ್ನ ಪ್ರಯಾಣದ ಉದ್ದೇಶ ಬೇರೆಯದಾಗಿದ್ದಿತು. ನನ್ನ ತಮ್ಮನ ಮಗಳು ನಮ್ಮ ನಾಡಿನ ಒಂದು ಕಾಲೇಜಿನಲ್ಲಿ ವಾಸ್ತುಶಿಲ್ಪವನ್ನು ಓದುತ್ತಿದ್ದಾಳೆ. ಐದು ವರ್ಷಗಳ ಆ ವ್ಯಾಸಂಗದ ನಡುವೆ ಕೆಲವು ತಿಂಗಳು ಅನುಭವಸ್ಥರೊಬ್ಬರ ಕಚೇರಿಯಲ್ಲಿದ್ದು ಕೆಲಸ ಕಲಿಯಬೇಕೆಂಬ ನಿಯಮವುಂಟು. ಹುಡುಗಿ ಅದಕ್ಕಾಗಿ ಈ ದೂರದ ಊರನ್ನೇ ಆರಿಸಿಕೊಂಡಳು. “ಅಣ್ಣಾ, ನಿನಗೆ ಈಗ ಪಾಠಶಾಲೆಯ ಗಂಟೆಯ ಕಾಟವಿಲ್ಲ, ಒಮ್ಮೆ ಹೋಗಿ ಮಗು ಹೇಗಿದ್ದಾಳೆಂದು ನೋಡಿಕೊಂಡು ಬಾ” ಎಂದು ತಮ್ಮನು ಹೇಳಿದ್ದರಿಂದ ಬೆಂಗಳೂರಿನಲ್ಲಿ ರೈಲು ಹತ್ತಿದೆನು.

ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ ಅಹಮದಾಬಾದು ಏತಕ್ಕೆ ತೀರ್ಥಕ್ಷೇತ್ರದಂತಾಯಿತೆಂಬುದನ್ನು ವಾಚಕರಿಗೆ ಮೊದಲು ಅರಿಕೆ ಮಾಡಬೇಕು. ೧೯೫೧ರಲ್ಲಿ ಚಂಡೀಗಢವೆಂಬ ಹೊಸ ರಾಜಧಾನಿಯನ್ನು ರೂಪಿಸುವುದಕ್ಕಾಗಿ ಫ್ರಾನ್ಸಿನಿಂದ ಲ ಕಾರ್ಬೂಸಿಯೇ ಎಂಬ ಪ್ರಖ್ಯಾತ ಶಿಲ್ಪಿಯು ಭಾರತಕ್ಕೆ ಬಂದನು. ಅಹಮದಾಬಾದಿನ ಗಿರಣಿಗಳ ಧನಿಕರು ಅವನನ್ನು ತಮ್ಮ ಊರಿಗೂ ಬರಮಾಡಿಕೊಂಡು, ತಮ್ಮ ಸಂಘಕ್ಕೊಂದು ಮಂದಿರವನ್ನೂ ಊರಿಗೊಂದು ವಸ್ತುಸಂಗ್ರಹಾಲಯವನ್ನೂ ಎರಡು ಮನೆಗಳನ್ನೂ ಅವನಿಂದ ಬರೆಯಿಸಿಕೊಂಡರು. ಆ ಕೆಲಸಗಳ ಮೇಲ್ವಿಚಾರಣೆಗಾಗಿ ಪ್ಯಾರಿಸ್ಸಿನ ಅವನ ಕಚೇರಿಯಿಂದ ಹಿಂದಿರುಗಿದ ಬಾಲಕೃಷ್ಣ ದೋಷಿ ಎಂಬ ತರುಣರು ಆ ಊರಿನಲ್ಲಿಯೇ ನೆಲೆಸಿದರು. ಮುಂದೆ ವ್ಯವಹಾರ ನಿರ್ವಹಣದ ಮಹಾವಿದ್ಯಾಲಯವನ್ನು ಕಟ್ಟುವ ಕಾರ್ಯವು ತಮ್ಮ ಬಳಿಗೆ ಬಂದಾಗ, ದೋಷಿಯವರು ಅದಕ್ಕೆ ಅಮೆರಿಕದ ಲೂಯಿ ಕಾನ್ ಎಂಬುವರನ್ನು ಕರೆಸಿರೆಂದು ಸೂಚಿಸಿ ತಾವು ಅವರಿಗೆ ಸಹಾಯಕರಾಗಿ ನಿಂತರು. ಕೈಗೆ ಬಂದ ದೊಡ್ಡ ಕೆಲಸವನ್ನು ಇನ್ನೊಬ್ಬನ ಕೈಗಿಡುವವರು ಯಾವ ಕಸುಬಿನಲ್ಲಿಯೂ ವಿರಳ. ಅದೇ ೧೯೬೨ರಲ್ಲಿ ದೋಷಿಯವರು ಊರಿನಲ್ಲಿ ವಾಸ್ತುಶಿಲ್ಪದ ಶಾಲೆಯೊಂದನ್ನೂ ತೆರೆದರು. ಹೀಗೆ ಹತ್ತು ಹನ್ನೆರಡು ವರ್ಷಗಳೊಳಗಾಗಿ ಒಂದೇ ಊರಿನಲ್ಲಿ ಗುರುವೂ ಗುರುವಿನ ಗುರುವೂ ಶಿಷ್ಯರೂ ಕೂಡಿದಂತಾಯಿತು.

ನಾನು ಹೋದ ದಿನ ಸಂಜೆ ಹುಡುಗಿಯು ಊಟವಾದ ಬಳಿಕ ಒಂದು ಉದ್ದವಾದ ಕೊಳವೆಯಿಂದ ನಕ್ಷೆಯ ಹಾಳೆಗಳನ್ನು ಹೊರತೆಗೆದು ನೆಲದ ಮೇಲೆ ಹರಡಿದಳು. ಅದು ಹಿಂದಿನ ವರ್ಷ ಅವಳು ಕಾಲೇಜಿನಲ್ಲಿ ಮಾಡಿದ ಒಂದು ಪ್ರಾಥಮಿಕ ಪಾಠಶಾಲೆಯ ವಿನ್ಯಾಸ. ಸಾಗರದ ಸೀಮೆಯ ಒಂದು ಹಳ್ಳಿಯಲ್ಲಿ ಕಟ್ಟುವುದಾದರೆ ಹೇಗಿರಬೇಕೆಂದು ಅಧ್ಯಾಪಕರು ಕೊಟ್ಟ ಸಮಸ್ಯೆ. ಚಿತ್ರವು ಬಹಳ ಮನೋಹರವಾಗಿತ್ತು. ಎತ್ತರವಾದ ಇಟ್ಟಿಗೆಯ ಗೋಡೆಗಳು. ಅವುಗಳಲ್ಲಿ ಎರಡಾಳು ಎತ್ತರದ ದುಂಡನೆಯ ರಂಧ್ರಗಳು. ರಂಧ್ರದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತು ಓದುತ್ತಿರುವ ಒಂದು ಮಗು. ಇದನ್ನು ಪರೀಕ್ಷಿಸುವ ಸಭೆಯನ್ನು ಅವರು ಜ್ಯೂರಿ ಎನ್ನುತ್ತಾರೆ. ವಿದ್ಯಾರ್ಥಿಯು ತನ್ನ ಹಾಳೆಗಳನ್ನು ಗೋಡೆಗೆ ಅಂಟಿಸಿ, ರಟ್ಟಿನಲ್ಲಿ ಮಾಡಿದ ಮಾದರಿಯನ್ನು ಮೇಜಿನ ಮೇಲಿಟ್ಟು, ಹಿರಿಯರ ಪ್ರಶ್ನೆಗಳಿಗೆ ನಿಂತು ಉತ್ತರ ಹೇಳಬೇಕು. ಅಂದು ಬಂದಿದ್ದ ಹಿರಿಯರೊಬ್ಬರು ಚಿತ್ರವನ್ನು ಬಹಳ ಹೊತ್ತು ನೋಡಿ, “ಆಷಾಢ ಮಾಸದಲ್ಲಿ ಈ ಮಗು ಎಲ್ಲಿ ಕುಳಿತುಕೊಳ್ಳುತ್ತದೆ, ಅಮ್ಮಾ?” ಎಂದು ಕೇಳಿದರಂತೆ. ಮತ್ತೇನನ್ನೂ ಕೇಳಲಿಲ್ಲವಂತೆ. ಕೊನೆಯ ವರ್ಷದ ಮಹಾಪ್ರಬಂಧಕ್ಕೆ ತಾನು ಅದೇ ಪಾಠಶಾಲೆಯನ್ನು ಮತ್ತೆ ಕೈಗೆತ್ತಿಕೊಳ್ಳುವುದಾಗಿ ಹಟ ಹಿಡಿದಿರುವಳೆಂದೂ, ಈ ಸಲ ಕೆಟ್ಟರೆ ಒಂದು ವರ್ಷವೇ ನಷ್ಟವಾಗುವುದೆಂದೂ ಹೇಳಿದಳು.

ಹಾಳೆಗಳನ್ನು ಸುತ್ತುತ್ತಾ ಅವಳು ಕೇಳಿದಳು: “ದೊಡ್ಡಪ್ಪಾ, ನೀವು ಮೂವತ್ತು ವರ್ಷ ಹುಡುಗರಿಗೆ ಕಾಳಿದಾಸನನ್ನು ಬಾಯಿಪಾಠ ಮಾಡಿಸಿದಿರಿ. ಅವನಂತೆ ಶ್ಲೋಕ ಕಟ್ಟಿದವನನ್ನು ಬೆನ್ನು ತಟ್ಟಿದಿರಿ. ನಾನು ಲೂಯಿ ಕಾನರಂತೆ ಗೋಡೆ ಕಟ್ಟಿದರೆ ಮಾತ್ರ ತಪ್ಪೇ?”

ಇದು ಸುಮ್ಮನೆ ನಕ್ಕು ಕಳೆಯತಕ್ಕ ಪ್ರಶ್ನೆಯಾಗಿರಲಿಲ್ಲ. ನೋಡಿಯೇ ಉತ್ತರ ಹೇಳುತ್ತೇನೆಂದೆನು.

ಮರುದಿನ ಮೊದಲು ಗಿರಣಿ ಒಡೆಯರ ಸಂಘದ ಮಂದಿರಕ್ಕೆ ಹೋದೆವು. ೧೯೫೪ರಲ್ಲಿ ಮುಗಿದ ಕಟ್ಟಡವಿದು. ಬೀದಿಯಿಂದ ಒಂದು ಇಳಿಜಾರಾದ ದಾರಿಯು, ರಥವು ಏರುವಂತೆ, ನೇರವಾಗಿ ಮೇಲಂತಸ್ತಿಗೆ ಕರೆದೊಯ್ಯುತ್ತದೆ. ಮುಖದ ತುಂಬ ಕಾಂಕ್ರೀಟಿನ ದಪ್ಪ ಹಲಗೆಗಳು ಓರೆಯಾಗಿ ನಿಂತಿವೆ. ಅಲಂಕಾರಕ್ಕಾಗಿ ನಿಲ್ಲಿಸಿದರೆಂದು ಯಾರಾದರೂ ಎಣಿಸಬಹುದು. ಆದರೆ ಆ ಮುಖವು ಪಶ್ಚಿಮಕ್ಕಿದೆ. ಅಪರಾಹ್ಣದ ಬಿಸಿಲು ಅಡ್ಡಲಾಗಿ ಒಳನುಗ್ಗುವ ದಿಕ್ಕು ಅದು. ಹಲಗೆಗಳ ಓರೆ ಆ ಬಿಸಿಲನ್ನು ತಡೆಯುವುದಕ್ಕೆ. ಹಿಂದಕ್ಕೆ, ಪೂರ್ವದ ನದಿಯ ಕಡೆಗೆ ನಡೆದು ನೋಡಿದರೆ ಅಂಥವೇ ಹಲಗೆಗಳು ನೆಟ್ಟಗೆ ನಿಂತಿವೆ. ಅಲ್ಲಿ ನೀರಿನ ಮೇಲಿನಿಂದ ಬರುವ ಗಾಳಿಗೆ ದಾರಿ ಬಿಡಬೇಕಾಗಿತ್ತು. ಕಟ್ಟಿದ ಕಾಲದಲ್ಲಿ ಇಲ್ಲಿ ನಿಂತರೆ ನದಿಯ ಮರಳಿನಲ್ಲಿ ಬಟ್ಟೆಯನ್ನು ಒಗೆದು ಹರಡುವುದು ಕಾಣಿಸುತ್ತಿದ್ದಿತಂತೆ. ಈಗ ದಡಗಳನ್ನು ಕಾಂಕ್ರೀಟಿನಿಂದ ಕಟ್ಟಿ ಸಂಚಾರಪಥ ಮಾಡಿರುವುದರಿಂದ ಆ ನೋಟವಿಲ್ಲ.

“ನಮ್ಮ ತರಗತಿಯಲ್ಲಿ ಇಂಥ ಹಲಗೆಗಳನ್ನು ಹಾಕದವರೇ ಇಲ್ಲ, ದೊಡ್ಡಪ್ಪಾ. ಒಬ್ಬನು ಉತ್ತರದ ಗೋಡೆಗೂ ಹಾಕಿದ್ದ” ಎಂದು ಹುಡುಗಿ ನಕ್ಕಳು. ಉತ್ತರಕ್ಕೆ ಬಿಸಿಲು ಬರುವುದಾದರೂ ಎಷ್ಟು? ಬೇಸಗೆಯಲ್ಲಿ ಬೆಳಿಗ್ಗೆ ಸಂಜೆ ಸ್ವಲ್ಪ ಮಾತ್ರ. ಸೂರ್ಯನಿಲ್ಲದ ಕಡೆಗೆ ಕೊಡೆ ಹಿಡಿದಂತಾಯಿತು.

ಅಲ್ಲಿಂದ ಲೂಯಿ ಕಾನರ ಮಹಾವಿದ್ಯಾಲಯ. ಹುಡುಗಿ ಕೆಲಸಮಾಡುವ ಕಚೇರಿಯವರ ಪರಿಚಯದಿಂದ ಒಳಹೋಗಲು ಅನುಮತಿ ದೊರೆತಿತು. ಇದನ್ನು ಚಿತ್ರದಲ್ಲಿ ನೋಡುವುದಕ್ಕೂ ಎದುರು ನಿಂತು ನೋಡುವುದಕ್ಕೂ ಇರುವ ಅಂತರವನ್ನು ಹೇಗೆ ಹೇಳಲಿ! ಕೆಂಪಿಟ್ಟಿಗೆಯ ಗೋಡೆಗಳು ಕೋಟೆಯ ಗೋಡೆಗಳಂತೆ ಗಂಭೀರವಾಗಿವೆ. ಅವುಗಳಲ್ಲಿ ಪೂರ್ಣಚಂದ್ರನಂತಹ ರಂಧ್ರಗಳು, ಅರ್ಧಚಂದ್ರನಂತಹ ಕಮಾನುಗಳು. ಕಮಾನಿನ ಕಾಲುಗಳು ಹೊರಕ್ಕೆ ಜರುಗದಂತೆ ಬುಡದಲ್ಲಿ ಕಾಂಕ್ರೀಟಿನ ತೊಲೆಯೊಂದು ಬಿಲ್ಲಿನ ಹೆದೆಯಂತೆ ಎರಡನ್ನೂ ಕಟ್ಟಿ ಹಿಡಿದಿದೆ. ಇಟ್ಟಿಗೆಗೆ ಏನಾಗಬೇಕೆಂಬ ಆಸೆಯಿದೆಯೋ ಅದನ್ನು ಇಟ್ಟಿಗೆಯನ್ನೇ ಕೇಳಬೇಕೆಂದು ಕಾನರು ತಮ್ಮ ಶಿಷ್ಯರಿಗೆ ಹೇಳುತ್ತಿದ್ದರೆಂಬುದು ಈ ವಿದ್ಯಾರ್ಥಿಗಳೆಲ್ಲರಿಗೂ ಬಾಯಿಗೆ ಬಂದ ಮಾತು. ಆದರೆ ನಾನು ಹೇಳಬೇಕಾದ ಮುಖ್ಯ ಸಂಗತಿ ಬೇರೆ. ಆ ದುಂಡು ರಂಧ್ರದ ಬಳಿಗೆ ಹೋಗಿ ಒಳಗೆ ಕಾಲಿಟ್ಟರೆ ಕೋಣೆಯೊಳಕ್ಕೆ ಬಂದೆನೆಂದು ತಿಳಿಯಬಾರದು. ರಂಧ್ರವಿರುವ ಗೋಡೆ ಹೊರಗಿನದು. ಅದರ ಹಿಂದೆ ಜಗಲಿಯಂತಹ ನೆರಳಿನ ಜಾಗ. ಅದರಾಚೆಗೆ ಜನರು ವಾಸಿಸುವ ನಿಜವಾದ ಗೋಡೆ, ಬಾಗಿಲು, ಕಿಟಕಿ. ಹೊರಗಿನ ಗೋಡೆ ಬಿಸಿಲಿನ ಏಟನ್ನು ತಾನು ತಿಂದು, ಗಾಳಿಯನ್ನೂ ಕಣ್ಣಿಗೆ ಹಿತವಾದಷ್ಟು ಬೆಳಕನ್ನೂ ಒಳಕ್ಕೆ ಬಿಡುತ್ತದೆ. ಹೊರಗೆ ಕಾವಲಿಯಂತೆ ಕಾದಿದ್ದ ನೆಲದಿಂದ ಬಂದ ನನಗೆ ಅಲ್ಲಿ ಮೈ ತಣ್ಣಗಾಯಿತು.

ಹುಡುಗಿ ಆ ಎರಡು ಗೋಡೆಗಳ ನಡುವೆ ಮೌನವಾಗಿ ನಿಂತಿದ್ದಳು. ಅವಳ ನಕ್ಷೆಯಲ್ಲಿ ಗೋಡೆ ಒಂದೇ ಇದ್ದಿತು.

ಛಾಯಾಚಿತ್ರಗಳಲ್ಲಿ ಕಾಣುವುದು ಹೊರಗಿನ ಗೋಡೆ ಮಾತ್ರ. ನೆರಳಿನ ತಂಪನ್ನು ಯಾವ ಚಿತ್ರವೂ ತೋರಿಸಲಾರದು. ಲ ಕಾರ್ಬೂಸಿಯೇ ೧೯೬೫ರಲ್ಲಿಯೂ ಕಾನರು ೧೯೭೪ರಲ್ಲಿ, ಇದೇ ಅಹಮದಾಬಾದಿನಿಂದ ಹಿಂದಿರುಗುತ್ತಾ ನ್ಯೂಯಾರ್ಕಿನ ರೈಲು ನಿಲ್ದಾಣದಲ್ಲಿಯೂ ತೀರಿಕೊಂಡರು. ಇಂದಿನ ವಿದ್ಯಾರ್ಥಿಗಳೆಲ್ಲರೂ ಹುಟ್ಟುವುದಕ್ಕೆ ಮುಂಚೆಯೇ ಗುರುಗಳಿಲ್ಲ. ಮಣ್ಣಿನ ದ್ರೋಣನನ್ನು ಮುಂದಿಟ್ಟುಕೊಂಡು ಬಿಲ್ವಿದ್ಯೆ ಕಲಿತ ಏಕಲವ್ಯನಂತೆ ಇವರು ಚಿತ್ರಪಟಗಳನ್ನು ಮುಂದಿಟ್ಟುಕೊಂಡು ಕಲಿಯುತ್ತಿದ್ದಾರೆ. ಏಕಲವ್ಯನಿಗೆ ವಿದ್ಯೆ ಸಿದ್ಧಿಸಿತಲ್ಲಾ ಎಂದರೆ, ಅವನು ದ್ರೋಣನ ಮುಖವನ್ನು ಅನುಕರಿಸಲಿಲ್ಲ, ಬಾಣವನ್ನು ಬಿಟ್ಟು ಬಿಟ್ಟು ನೋಡಿದನು.

ಆ ಮಧ್ಯಾಹ್ನ ಬೇವಿನ ಮರದ ಕೆಳಗೆ ಚಹಾ ಕುಡಿಯುತ್ತಾ ಅವಳಿಗೆ ನಾನು ಬಲ್ಲ ಶಾಸ್ತ್ರವನ್ನು ಹೇಳಿದೆನು. ಕಾಶ್ಮೀರದ ಆನಂದವರ್ಧನನು ಧ್ವನ್ಯಾಲೋಕದ ಕಡೆಯ ಭಾಗದಲ್ಲಿ, ಒಬ್ಬ ಕವಿಯ ಕೃತಿ ಇನ್ನೊಬ್ಬನ ಕೃತಿಯನ್ನು ಹೋಲುವುದು ಮೂರು ಬಗೆ ಎನ್ನುತ್ತಾನೆ. ಕನ್ನಡಿಯೊಳಗಿನ ಪ್ರತಿಬಿಂಬದಂತೆ ಹೋಲುವುದು ಒಂದು. ಚಿತ್ರದಲ್ಲಿ ಬರೆದ ಆಕಾರದಂತೆ ಹೋಲುವುದು ಇನ್ನೊಂದು. ಇಬ್ಬರು ಮನುಷ್ಯರು ಅಂಗಾಂಗಗಳಲ್ಲಿ ಒಬ್ಬರನ್ನೊಬ್ಬರು ಹೋಲುವಂತೆ ಹೋಲುವುದು ಮೂರನೆಯದು. ಮೊದಲಿನ ಎರಡಕ್ಕೆ ತನ್ನದೆಂಬ ಪ್ರಾಣವಿಲ್ಲ, ಬಿಡಬೇಕು. ಮೂರನೆಯದಕ್ಕೆ ತನ್ನದೇ ಜೀವವುಂಟು, ಅದನ್ನು ಬಿಡಬೇಕಾಗಿಲ್ಲ. ಬಳಿಕ ಬಂದ ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ನಾಲ್ಕನೆಯದೊಂದನ್ನು ಸೇರಿಸಿ ಅದನ್ನು ಪರಪುರಪ್ರವೇಶಕ್ಕೆ ಹೋಲಿಸಿದನು: ಮೂಲವು ಒಂದೇ, ಆದರೆ ಸುತ್ತಲಿನ ಪರಿಕರವೆಲ್ಲವೂ ಬೇರೆ. ಪುರವೆಂದರೆ ಶರೀರವೂ ಹೌದು, ಪಟ್ಟಣವೂ ಹೌದು. ಯೋಗಿಯು ಪರಶರೀರವನ್ನು ಹೊಗುವಂತೆ ಒಂದು ಭಾವವು ಬೇರೆ ಊರನ್ನು ಹೊಗುತ್ತದೆ. ಕಾಳಿದಾಸನನ್ನು ಬಾಯಿಪಾಠ ಮಾಡಿಸಿದ್ದು ಹುಡುಗರು ಇನ್ನೊಂದು ಮೇಘವನ್ನು ಅಲಕೆಗೆ ಕಳುಹಿಸಲೆಂದಲ್ಲ. ಶಬ್ದವು ತನ್ನ ಸ್ಥಾನದಲ್ಲಿ ನಿಲ್ಲುವುದು ಹೇಗೆಂಬುದು ಕಿವಿಗೆ ತಿಳಿಯಲೆಂದು.

“ಹಾಗಾದರೆ ನನ್ನದು ಪ್ರತಿಬಿಂಬ” ಎಂದಳು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಇನ್ನೊಂದು ಚಹಾ ತರಿಸಿದೆನು.

ದೋಷಿಯವರ ಶಾಲೆಯು ಈಗ ಸೆಪ್ಟ್ ಎಂಬ ವಿಶ್ವವಿದ್ಯಾಲಯದ ಅಂಗವಾಗಿದೆ. ೧೯೬೮ರ ವೇಳೆಗೆ ಮುಗಿದ ಅದರ ಮೊದಲ ಕಟ್ಟಡದಲ್ಲಿ ಬರೆಯುವ ಶಾಲೆಗಳಿಗೆ ಉತ್ತರದ ಬೆಳಕು ಮೇಲಿನಿಂದ ಇಳಿಯುತ್ತದೆ. ನೆರಳು ಬೀಳದ ಈ ಬೆಳಕಿನಲ್ಲಿ ರೇಖೆ ಎಳೆಯುವ ಕೈಗೆ ಆಯಾಸವಿಲ್ಲ. ಕೆಳಗೆ ಗೋಡೆಯಿಲ್ಲದ ತೆರೆದ ಜಾಗ, ಮೆಟ್ಟಿಲುಗಳು. ಹುಡುಗರು ಅಲ್ಲಿಯೇ ಕುಳಿತು ವಾದಿಸುತ್ತಾರೆ, ಅಲ್ಲಿಯೇ ತಿನ್ನುತ್ತಾರೆ. ಪಾಠವು ಎಲ್ಲಿ ಮುಗಿದು ಹರಟೆ ಎಲ್ಲಿ ಮೊದಲಾಗುವುದೆಂದು ನನಗೆ ಗೊತ್ತಾಗಲಿಲ್ಲ. ನಿವೃತ್ತನಾದ ಉಪಾಧ್ಯಾಯನಿಗೆ ಇದು ಸ್ವಲ್ಪ ಕಸಿವಿಸಿಯನ್ನೂ ಹೆಚ್ಚಾಗಿ ಅಸೂಯೆಯನ್ನೂ ಉಂಟುಮಾಡಿತು. ಗೋಡೆಗೆ ತೂಗುಹಾಕಿದ್ದ ವಿದ್ಯಾರ್ಥಿಗಳ ಹಾಳೆಗಳಲ್ಲಿ ನನ್ನ ಕಣ್ಣನ್ನು ಹಿಡಿದದ್ದು ಹೊಸ ಕಟ್ಟಡಗಳಲ್ಲ. ಹಳೆಯ ಊರಿನ ಒಂದು ಮನೆಯನ್ನು ಕಂಬ ಕಂಬವಾಗಿ, ಮೆಟ್ಟಿಲು ಮೆಟ್ಟಿಲಾಗಿ ಅಳೆದು ಬರೆದ ಹಾಳೆ. ಒಲೆ ಎಲ್ಲಿ, ನೀರಿನ ಬಿಂದಿಗೆ ಎಲ್ಲಿ, ಅಜ್ಜಿ ಮಧ್ಯಾಹ್ನ ಮಲಗುವುದೆಲ್ಲಿ ಎಂಬುದನ್ನೂ ಗುರುತಿಸಿದ್ದರು. ದೇಶದ ವಾಸ್ತುಶಿಲ್ಪ ವಿದ್ಯಾರ್ಥಿಗಳ ಸಂಘವು ಕಾನರ ಹೆಸರಿನಲ್ಲಿಯೇ ಒಂದು ಪಾರಿತೋಷಕವನ್ನು ಇರಿಸಿದೆಯೆಂದೂ, ಅದು ಸಲ್ಲುವುದು ಕಾನರಂತೆ ಕಟ್ಟಡ ಬರೆದವರಿಗಲ್ಲ, ಇರುವ ಕಟ್ಟಡವನ್ನು ಹೀಗೆ ಅಳೆದು ದಾಖಲಿಸಿದವರಿಗೆಂದೂ ಹುಡುಗಿಯು ತಿಳಿಸಿದಳು. ಈ ನಿಬಂಧನೆಯನ್ನು ಮಾಡಿದವರು ಯಾರೋ, ಬುದ್ಧಿವಂತರು.

ಅಂಥ ಮನೆಗಳನ್ನು ನೋಡಲೆಂದು ಹಳೆಯ ಊರಿನ ಪೋಳಗಳಿಗೂ ಹೋದೆವು. ಪೋಳವೆಂದರೆ ಒಂದೇ ಬಾಗಿಲಿನೊಳಗಿರುವ ಕೇರಿ. ಇಕ್ಕಟ್ಟಾದ ಓಣಿ, ಕೆತ್ತನೆಯ ಮರದ ಮುಂಭಾಗ, ನಡುವೆ ನಮ್ಮ ತೊಟ್ಟಿಯನ್ನು ಹೋಲುವ ಚೌಕ, ಅದರ ಕೆಳಗೆ ಮಳೆಯ ನೀರನ್ನು ಕೂಡಿಡುವ ಟಾಂಕಿ. ೨೦೧೭ರಲ್ಲಿ ಈ ಹಳೆಯ ನಗರವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದರು. ಓಣಿಯ ಇಕ್ಕಟ್ಟೇ ಇಲ್ಲಿಯ ಕೊಡೆ: ಎದುರುಬದುರಿನ ಮನೆಗಳು ಒಂದರ ನೆರಳಿನಲ್ಲಿ ಇನ್ನೊಂದು ನಿಂತಿವೆ. ದೊಡ್ಡ ದೊಡ್ಡ ಗುರುಗಳು ದೂರದೇಶದಿಂದ ಬಂದು ಕಾಂಕ್ರೀಟಿನಲ್ಲಿಯೂ ಇಟ್ಟಿಗೆಯಲ್ಲಿಯೂ ಸಾಧಿಸಿದ್ದನ್ನು ಇಲ್ಲಿಯ ಬಡಗಿಗಳು ಮರದಲ್ಲಿ ಮೊದಲೇ ಸಾಧಿಸಿದ್ದರು.

ಆಶ್ರಮದಲ್ಲಿರುವ ಗಾಂಧಿ ಸ್ಮಾರಕ ಸಂಗ್ರಹಾಲಯವನ್ನು ಚಾರ್ಲ್ಸ್ ಕೊರಿಯಾ ಎಂಬುವರು ೧೯೬೩ರಲ್ಲಿ ಕಟ್ಟಿದರು. ಆರು ಮೀಟರಿನ ಚೌಕಗಳು, ಇಟ್ಟಿಗೆಯ ಕಂಬಗಳು, ಹೆಂಚಿನ ಮಾಡು, ಗಾಜಿಲ್ಲದ ಮರದ ಪಟ್ಟಿಗಳ ಕಿಟಕಿ, ನಡುವೆ ಒಂದು ಕೊಳ. ಇಷ್ಟೇ. ಅಲ್ಲಿ ಗಂಟೆಗಟ್ಟಲೆ ಕುಳಿತರೂ ಕಟ್ಟಿದವನ ನೆನಪು ಬರುವುದಿಲ್ಲ, ಯಾರಿಗಾಗಿ ಕಟ್ಟಿದರೋ ಅವರ ನೆನಪೇ ಬರುತ್ತದೆ. ಹುಡುಗಿಯ ಸಹಪಾಠಿಗಳಲ್ಲಿ ಇದನ್ನು ಅನುಕರಿಸುವವರು ಕಡಮೆಯಂತೆ. ಚಿತ್ರಪಟದಲ್ಲಿ ಇದು ಅಷ್ಟು ಎದ್ದು ಕಾಣುವುದಿಲ್ಲವಲ್ಲ!

ಗುರುಗಳ ಕಟ್ಟಡಗಳಿಗೂ ಮುಪ್ಪು ಬಿಟ್ಟಿಲ್ಲ. ಕಾನರ ಹದಿನೆಂಟು ವಿದ್ಯಾರ್ಥಿನಿಲಯಗಳಲ್ಲಿ ಹದಿನಾಲ್ಕನ್ನು ಕೆಡವಿ ಹೊಸದಾಗಿ ಕಟ್ಟುವೆವೆಂದು ೨೦೨೦ರ ಡಿಸೆಂಬರಿನಲ್ಲಿ ಸಂಸ್ಥೆಯವರು ಪ್ರಕಟಿಸಿದರು. ಇಟ್ಟಿಗೆ ಕಳಚುತ್ತಿದೆ, ನೀರು ಸೋರುತ್ತಿದೆ, ೨೦೦೧ರ ಭೂಕಂಪದಿಂದ ಬಿರುಕು ಬಿಟ್ಟಿದೆ, ಒಳಗಿರುವವರಿಗೆ ಅಪಾಯವೆಂಬುದು ಅವರ ವಾದ. ಲೋಕದ ನಾನಾ ಕಡೆಗಳಿಂದ ಪ್ರತಿಭಟನೆ ಬಂದದ್ದರಿಂದ ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡರು. ೨೦೨೨ರಲ್ಲಿ ಮರಳಿ ಕಟ್ಟಬೇಕಾದೀತೆಂಬ ಮಾತು ಮತ್ತೆ ಎದ್ದಿತು. ಅದೇ ಆವರಣದ ಗ್ರಂಥಾಲಯವನ್ನಾದರೋ ಜತನದಿಂದ ಜೀರ್ಣೋದ್ಧಾರ ಮಾಡಿದ್ದಾರೆ. ಅದಕ್ಕೆ ೨೦೧೯ರಲ್ಲಿ ಯುನೆಸ್ಕೋದ ಪುರಸ್ಕಾರವೂ ಬಂದಿತು. ಸೋರುವ ಕೋಣೆಯಲ್ಲಿ ಮಲಗುವ ಹುಡುಗನ ದೂರು ಸುಳ್ಳಲ್ಲ. ಆದರೂ ಹೊರಗಿನ ರೂಪವನ್ನು ಹಾಗೆಯೇ ಹೊಸ ಇಟ್ಟಿಗೆಯಲ್ಲಿ ನಿಲ್ಲಿಸಿದರೆ ಅದು ಕಾನರ ಕಟ್ಟಡವಾಗುವುದೋ, ಆನಂದವರ್ಧನನು ಬಿಡಬೇಕೆಂದ ಪ್ರತಿಬಿಂಬವಾಗುವುದೋ? ನನ್ನ ಮನಸ್ಸು ಜೀರ್ಣೋದ್ಧಾರದ ಕಡೆಗೇ ವಾಲುತ್ತದೆ.

ಇಲ್ಲಿ ಗೃಹಸ್ಥರಾದ ನಮ್ಮನ್ನು ಕುರಿತು ಒಂದು ಮಾತು. ಮಕ್ಕಳ ಅನುಕರಣವನ್ನು ನೋಡಿ ನಗುವುದು ಸುಲಭ. ಮನೆ ಕಟ್ಟಿಸುವಾಗ ಯಾವುದೋ ಚಿತ್ರವನ್ನು ಕತ್ತರಿಸಿಟ್ಟುಕೊಂಡು “ನಮ್ಮದೂ ಹೀಗೆಯೇ ಇರಲಿ” ಎಂದು ಮೇಸ್ತ್ರಿಯ ಕೈಗೆ ಕೊಡುವವರು ನಾವಲ್ಲವೇ? ಪಶ್ಚಿಮಕ್ಕೆ ಗೋಡೆಯಗಲದ ಗಾಜನ್ನು ಹಾಕಿಸಿ, ಸಂಜೆ ಬಿಸಿಲು ತಾಳಲಾರದೆ ಒಳಗೆ ದಪ್ಪನೆಯ ತೆರೆಯನ್ನು ಇಳಿಬಿಟ್ಟು, ಹಗಲಿನಲ್ಲಿಯೇ ದೀಪ ಹಚ್ಚಿ ಕುಳಿತಿರುವ ಮನೆಗಳು ನಮ್ಮ ಪಟ್ಟಣಗಳಲ್ಲಿ ಎಷ್ಟು ಬೇಕಾದರೂ ಇವೆ. ವಿದ್ಯಾರ್ಥಿಯ ದೋಷವು ಕಾಗದದ ಮೇಲೆಯೇ ಉಳಿಯುತ್ತದೆ. ನಮ್ಮದರಲ್ಲಿ ಸೊಸೆಯಂದಿರು ಅಡಿಗೆ ಮಾಡಬೇಕು.

ಅನುಕರಣದ ಮೂರನೆಯ, ನಾಲ್ಕನೆಯ ಬಗೆಗಳಿಗೆ ನಿದರ್ಶನವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲವೆಂಬುದು ಬೆಂಗಳೂರಿಗೆ ಬಂದ ಮೇಲೆ ತಿಳಿಯಿತು. ಅಂಥದೇ ಮಹಾವಿದ್ಯಾಲಯವನ್ನು ಬನ್ನೇರುಘಟ್ಟದ ರಸ್ತೆಯಲ್ಲಿ ಕಟ್ಟುವ ಕೆಲಸವು ೧೯೭೭ರಲ್ಲಿ ದೋಷಿಯವರ ಪಾಲಿಗೆ ಬಂದಿತು. ಗುರುಸಮಾನರಾದ ಕಾನರು ಕಟ್ಟುವುದನ್ನು ವರ್ಷಗಟ್ಟಲೆ ಹತ್ತಿರದಿಂದ ಕಂಡವರು ಅವರು; ಇಟ್ಟಿಗೆಯನ್ನೂ ದುಂಡು ರಂಧ್ರವನ್ನೂ ಇಲ್ಲಿಗೆ ತಂದಿದ್ದರೆ ಕೇಳುವವರಾರು? ತರಲಿಲ್ಲ. ಬೆಂಗಳೂರಿನ ಕಣಶಿಲೆಯನ್ನೇ ಒರಟಾಗಿ ಗೋಡೆಗಿಟ್ಟರು. ಅಹಮದಾಬಾದಿನ ಬಿಸಿಲು ಇಲ್ಲಿಲ್ಲದ ಕಾರಣ ನಡೆಮನೆಗಳನ್ನು ಅಲ್ಲಲ್ಲಿ ಆಕಾಶಕ್ಕೆ ತೆರೆದು, ಮೇಲೆ ತೊಲೆಗಳನ್ನು ಚಪ್ಪರದಂತೆ ಹಾಸಿ ಬಳ್ಳಿಗಳನ್ನು ಹಬ್ಬಿಸಿದರು. ಅಂಗಳದಿಂದ ಅಂಗಳಕ್ಕೆ ನಡೆಯುವ ಕ್ರಮವನ್ನು ಅಕ್ಬರನ ಫತೇಪುರ ಸಿಕ್ರಿಯಿಂದ ಕಲಿತರು. ಪಾಠದ ಕೋಣೆಯಿಂದ ಹೊರಟವನು ನೆರಳಿನಲ್ಲಿ ನಡೆಯುತ್ತಾ ನಿಲ್ಲುತ್ತಾ ಮಾತನಾಡುತ್ತಾ ಹೋಗಬೇಕೆಂಬ ಮೂಲಭಾವ ಎರಡು ಕಡೆಯೂ ಒಂದೇ, ಪರಿಕರವೆಲ್ಲವೂ ಬೇರೆ. ೨೦೧೮ರಲ್ಲಿ ವಾಸ್ತುಶಿಲ್ಪದ ಅತ್ಯುಚ್ಚ ಬಹುಮಾನವಾದ ಪ್ರಿಟ್ಸ್ಕರ್ ಪಾರಿತೋಷಕವು ದೋಷಿಯವರಿಗೆ ಬಂದಿತು. ಭಾರತೀಯರಲ್ಲಿ ಅದನ್ನು ಪಡೆದವರಲ್ಲಿ ಅವರೇ ಮೊದಲಿಗರು. ೨೦೨೩ರ ಜನವರಿಯಲ್ಲಿ, ತೊಂಬತ್ತೈದನೆಯ ವಯಸ್ಸಿನಲ್ಲಿ, ತಮ್ಮ ಊರಿನಲ್ಲಿಯೇ ಕಾಲವಾದರು.

ರಜೆಯಲ್ಲಿ ಊರಿಗೆ ಬಂದ ಹುಡುಗಿ ನನ್ನನ್ನು ಸಾಗರದ ಹತ್ತಿರ ನಮ್ಮ ನಂಟರ ಹಳೆಯ ಮನೆಗೆ ಹೊರಡಿಸಿದಳು. ಜ್ಯೇಷ್ಠದ ಮೊದಲ ಮಳೆ ಹಿಡಿದಿತ್ತು. ಅಹಮದಾಬಾದಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ಎಂಬತ್ತು ಸೆಂಟಿಮೀಟರು. ನಮ್ಮ ಆಗುಂಬೆಯಲ್ಲಿ ಏಳುನೂರನ್ನೂ ಮೀರುತ್ತದೆ. ಮನೆಯವರು ಮಾಡಿನ ಸೂರಿನಿಂದ ಅಡಿಕೆ ಸೋಗೆಯ ತಟ್ಟಿಗಳನ್ನು ಇಳಿಬಿಟ್ಟು ಜಗಲಿಯನ್ನು ಮರೆಮಾಡಿದ್ದರು. ಇರಿಚಲೆಲ್ಲ ತಟ್ಟಿಗೆ ಬಡಿದು ಹೊರಕ್ಕೆ ಹರಿಯುತ್ತಿತ್ತು. ಒಳಗೆ ಜಗಲಿಯ ಮೇಲೆ ಮನೆಯ ಮಗುವೊಂದು ಬೆಚ್ಚಗೆ ಕುಳಿತು ಮಗ್ಗಿ ಹೇಳುತ್ತಿತ್ತು. ಅದರ ಬೆನ್ನ ಹಿಂದೆ ಮಣ್ಣಿನ ಗೋಡೆ ಒಣಗಿಯೇ ಇತ್ತು.

ಹುಡುಗಿ ಆ ತಟ್ಟಿಗೂ ಗೋಡೆಗೂ ನಡುವೆ ಬಹಳ ಹೊತ್ತು ನಿಂತಿದ್ದಳು. ಆಮೇಲೆ ಚೀಲದಿಂದ ಅಳತೆಯ ಪಟ್ಟಿಯನ್ನು ತೆಗೆದು, “ದೊಡ್ಡಪ್ಪಾ, ಈ ತುದಿಯನ್ನು ಕಂಬದ ಬುಡಕ್ಕೆ ಒತ್ತಿ ಹಿಡಿಯಿರಿ, ಅಲ್ಲಾಡಿಸಬೇಡಿ” ಎಂದಳು. ಜಗಲಿಯ ಅಗಲ ಆರು ಅಡಿ ಎರಡು ಅಂಗುಲ. ಸೂರಿನ ಎತ್ತರವನ್ನು ಅಳೆಯುವ ಹೊತ್ತಿಗೆ ಮಗ್ಗಿಯನ್ನು ಬಿಟ್ಟು ಮಗುವೂ ನಮ್ಮ ಜೊತೆಗೆ ಸೇರಿಕೊಂಡಿತು.